ಮರಳಿನಲ್ಲಿ ಮರ ಹೇಗೆ ಬದುಕುತ್ತದೆ? ಹತ್ತು ಸಸಿ ಒಂದು ಖೇಜ್ರಿಗೆ ಏಕೆ ಸಾಟಿಯಲ್ಲ?

ರಾಜಸ್ಥಾನದ ಬಿಕಾನೇರ್ ಸುತ್ತಮುತ್ತ 2024ರಿಂದ ಹಳ್ಳಿಯ ಜನ ಮತ್ತೆ ಮತ್ತೆ ಧರಣಿ ಕೂರುತ್ತಿದ್ದಾರೆ. ಅವರ ಬೇಡಿಕೆ ಒಂದೇ: ಸೌರ ವಿದ್ಯುತ್ ಸ್ಥಾವರಗಳಿಗಾಗಿ ಖೇಜ್ರಿ ಮರಗಳನ್ನು ಕಡಿಯುವುದು ನಿಲ್ಲಬೇಕು. ಖೇಜ್ರಿ ನಮಗೆ ಅಪರಿಚಿತ ಮರವೇನಲ್ಲ. ವಿಜಯದಶಮಿಯ ದಿನ ಪೂಜೆ ಮಾಡುವ ಬನ್ನಿ ಮರವೇ ಅದು. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬಚ್ಚಿಟ್ಟ ಶಮೀವೃಕ್ಷವೆಂದು ಹಿರಿಯರು ಹೇಳುವುದೂ ಇದನ್ನೇ. ಮೈಸೂರಿನ ಜಂಬೂಸವಾರಿ ಹೋಗಿ ಮುಟ್ಟುವ ಬನ್ನಿಮಂಟಪಕ್ಕೆ ಹೆಸರು ಬಂದದ್ದೂ ಇದೇ ಮರದಿಂದ.

ಮರ ಕಡಿಯುವ ಮಾತು ಬಂದಾಗಲೆಲ್ಲ ನಮ್ಮ ದೇಶದಲ್ಲಿ ಒಂದು ಸಮಾಧಾನ ಸಿದ್ಧವಾಗಿರುತ್ತದೆ: "ಒಂದು ಕಡಿದರೆ ಹತ್ತು ನೆಡುತ್ತೇವೆ." ಕೇಳಲು ಲಾಭದ ವ್ಯಾಪಾರದಂತಿದೆ. ಒಂದು ಕೊಟ್ಟು ಹತ್ತು ಪಡೆದರೆ ಯಾರಿಗೆ ನಷ್ಟ? ಈ ಲೆಕ್ಕ ಮರುಭೂಮಿಯಲ್ಲಿ ಏಕೆ ನಿಲ್ಲುವುದಿಲ್ಲ ಎಂದು ತಿಳಿಯಬೇಕಾದರೆ, ಅಲ್ಲಿ ಒಂದು ಮರ ಬದುಕುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಥಾರ್ ಮರುಭೂಮಿಯ ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರ್‌ಗೂ ಕಡಿಮೆ. ಬೆಂಗಳೂರಿನಲ್ಲಿ ಅದು 900 ಮಿಲಿಮೀಟರ್ ದಾಟುತ್ತದೆ, ಆಗುಂಬೆಯಲ್ಲಿ 7,000 ದಾಟುತ್ತದೆ. ಜೈಸಲ್ಮೇರ್‌ನಲ್ಲಿ ಬೀಳುವ ಆ ಅಷ್ಟು ಮಳೆಯೂ ಬಹುಪಾಲು ಜುಲೈನಿಂದ ಸೆಪ್ಟೆಂಬರ್ ನಡುವಿನ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಬಿಸಿಲಿನ ಮಾತಂತೂ ಕೇಳುವುದೇ ಬೇಡ. ಅಲ್ಲಿಯ ಫಲೋದಿ ಎಂಬ ಊರಿನಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ನೆರಳಿನಲ್ಲಿಟ್ಟ ಉಷ್ಣಮಾಪಕ ತೋರಿಸಿದ ಗಾಳಿಯ ಬಿಸಿ. ಬಿಸಿಲಿಗೆ ಬಿದ್ದ ಮರಳು ಅದಕ್ಕಿಂತ ಹೆಚ್ಚು ಕಾದಿರುತ್ತದೆ. ಅಂಥ ಮೇ ತಿಂಗಳಲ್ಲಿ, ಸುತ್ತಲಿನ ಹುಲ್ಲೆಲ್ಲ ಒಣಗಿ ಪುಡಿಯಾಗಿರುವಾಗ, ಖೇಜ್ರಿ ಹಸಿರಾಗಿ ನಿಂತಿರುತ್ತದೆ. ಚಿಗುರಿ, ಹೂಬಿಟ್ಟು, ಕಾಯಿ ಕಟ್ಟುವ ಕೆಲಸವನ್ನು ಅದು ಮಾಡುವುದೇ ಬೇಸಗೆಯಲ್ಲಿ.

ಇದು ಹೇಗೆ ಸಾಧ್ಯ ಎನ್ನುವ ಮೊದಲು ಮನೆಯಂಗಳದಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಬೆಳಗ್ಗೆ ಬೇವಿನದೋ ದಾಸವಾಳದ್ದೋ ಎಲೆ ತುಂಬಿದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಬಿಸಿಲು ಏರಿದ ಮೇಲೆ ಬಂದು ನೋಡಿದರೆ ಚೀಲದ ಒಳಗೋಡೆ ಮಬ್ಬಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹನಿಗಳು ಒಂದಕ್ಕೊಂದು ಕೂಡಿ ಕೆಳಗಿನ ಮೂಲೆಗೆ ಇಳಿದಿರುತ್ತವೆ. ಯಾರೂ ನೀರು ಹಾಕಿದ್ದಲ್ಲ, ಎಲೆಗಳೇ ಬಿಟ್ಟದ್ದು. ಎಲೆಯ ಮೈಮೇಲೆ, ಹೆಚ್ಚಾಗಿ ಅದರ ಅಡಿಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವಕ್ಕೆ ಪತ್ರರಂಧ್ರ ಎಂದು ಹೆಸರು. ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದು ಇವುಗಳ ಮೂಲಕ. ಇದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಬಾಗಿಲು ಮುಚ್ಚಿದರೆ ಉಪವಾಸ, ತೆರೆದರೆ ಬಾಯಾರಿಕೆ. ಮರುಭೂಮಿಯ ಗಿಡಮರಗಳು ಮಾಡುವ ಸರ್ಕಸ್ಸೆಲ್ಲ ಈ ಇಕ್ಕಟ್ಟನ್ನು ನಿಭಾಯಿಸುವುದಕ್ಕೇ.

ಪಾಪಾಸುಕಳ್ಳಿಯಂಥ ಕಳ್ಳಿಗಳು ಹಗಲೆಲ್ಲ ರಂಧ್ರ ಮುಚ್ಚಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಬಳಸಿಕೊಳ್ಳುತ್ತವೆ. ಥಾರ್‌ನ ಕೈರ್ ಎಂಬ ಪೊದೆಮರ ಎಲೆಯ ಗೊಡವೆಯನ್ನೇ ಬಹುಮಟ್ಟಿಗೆ ಬಿಟ್ಟಿದೆ. ಅದರ ಹಸಿರು ಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ. ಆಫ್ರಿಕದ ನಮೀಬಿಯಾದಲ್ಲಿ ಲೋಳೆಸರದ ಬಳಗಕ್ಕೆ ಸೇರಿದ ಒಂದು ಮರವಿದೆ. ಬರಗಾಲ ತೀರಾ ಹೆಚ್ಚಾದರೆ ಅದು ತನ್ನ ಕೊಂಬೆಗಳನ್ನು ತಾನೇ ಉದುರಿಸಿ, ಗಾಯವನ್ನು ಮುಚ್ಚಿಕೊಂಡು, ಉಳಿದ ಮೈಗೆ ನೀರು ಉಳಿಸುತ್ತದೆ. ಹೀಗೆ ಹೇಳುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ. ನಾವು ಖೇಜ್ರಿಯ ಹತ್ತಿರವೇ ನಿಲ್ಲೋಣ.

ನಿಮ್ಮ ಊರಿನಲ್ಲಿ ಬನ್ನಿ ಮರವಿದ್ದರೆ ಒಂದು ಎಲೆಯನ್ನು ಹತ್ತಿರದಿಂದ ನೋಡಿ. ನಾವು ಎಲೆ ಎಂದುಕೊಳ್ಳುವ ಸಣ್ಣ ಹಸಿರು ಚೂರು ನಿಜವಾಗಿ ಇಡೀ ಎಲೆಯಲ್ಲ, ಅದರ ಒಂದು ತುಣುಕು. ನಡುಕಡ್ಡಿಯಿಂದ ಒಂದರಿಂದ ಮೂರು ಜೊತೆ ಕವಲುಗಳು ಒಡೆಯುತ್ತವೆ. ಒಂದೊಂದು ಕವಲಿನ ಎರಡು ಬದಿಯಲ್ಲೂ ಏಳರಿಂದ ಹದಿನಾಲ್ಕು ಜೊತೆ ಕಿರುಎಲೆಗಳು ಸಾಲಾಗಿ ಕೂತಿರುತ್ತವೆ. ಒಂದು ಕಿರುಎಲೆಯ ಉದ್ದ ಬೆರಳಿನ ಉಗುರಿಗಿಂತ ಹೆಚ್ಚಿರುವುದು ಅಪರೂಪ. ಬಾಳೆ ಎಲೆಯನ್ನು ಥಾರ್‌ನ ಬಿಸಿಲಿಗೆ ಹಿಡಿದರೆ ಅದು ಬೇಗ ಕಾಯುತ್ತದೆ. ಅಗಲವಾದ ಎಲೆಯ ಮೇಲೆ ಬಿಸಿಗಾಳಿಯ ದಪ್ಪ ಪದರ ಅಂಟಿ ನಿಲ್ಲುವುದರಿಂದ, ಬೆವರಿ ತಣಿಯುವುದೊಂದೇ ಅದಕ್ಕೆ ದಾರಿ. ಅಂದರೆ ನೀರು ಖರ್ಚು. ಬನ್ನಿಯ ಸಣ್ಣ ಎಲೆಗಳ ಸುತ್ತ ಆ ಪದರ ತೆಳುವಾಗಿರುತ್ತದೆ. ಬೀಸುವ ಗಾಳಿಯೇ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ನೀರು ಉಳಿಯುತ್ತದೆ. ನಡುಹಗಲಿನ ಉರಿಯಲ್ಲಿ ಪತ್ರರಂಧ್ರಗಳನ್ನು ಬಿಗಿದುಕೊಂಡು, ಬೆಳಗಿನ ತಂಪಿನಲ್ಲೇ ಹೆಚ್ಚಿನ ಕೆಲಸ ಮುಗಿಸಿಕೊಳ್ಳುವ ಜಾಣತನವೂ ಇಂಥ ಮರಗಳಿಗಿದೆ.

ಎಲೆಯಲ್ಲಿ ಮಾಡುವುದೆಲ್ಲ ಉಳಿತಾಯವಾಯಿತು. ಗಳಿಕೆ ಏನಿದ್ದರೂ ಬೇರಿನದು.

ಮರಳು ಎಂದರೆ ಒಣಕಲು ಎಂದು ನಮ್ಮ ಎಣಿಕೆ. ಆದರೆ ಕಡಿಮೆ ಮಳೆ ಬೀಳುವ ಕಡೆ ಮರಳು ಜೇಡಿಮಣ್ಣಿಗಿಂತ ಮರಕ್ಕೆ ಉಪಕಾರಿ. ಜೇಡಿಮಣ್ಣಿನ ಮೇಲೆ ಬಿದ್ದ ಸಣ್ಣ ಮಳೆ ಮೇಲ್ಪದರದಲ್ಲೇ ನಿಂತು ಆವಿಯಾಗಿ ಹೋಗುತ್ತದೆ. ಮರಳಿನಲ್ಲಿ ಅದೇ ನೀರು ಸರ್ರನೆ ಆಳಕ್ಕೆ ಇಳಿಯುತ್ತದೆ. ಮೇಲಿನ ಮರಳು ಒಣಗಿದ ಕೂಡಲೇ ಅದೇ ಮುಚ್ಚಳವಾಗಿ ಕೆಳಗಿನ ತೇವವನ್ನು ಕಾಯುತ್ತದೆ. ಮಳೆ ನಿಂತು ಬಹಳ ದಿನಗಳಾದ ಮೇಲೂ ಮರಳದಿಬ್ಬವನ್ನು ಕೈಯಿಂದ ಬಗೆದರೆ ಒಂದಷ್ಟು ಆಳದಲ್ಲಿ ತಣ್ಣಗಿನ, ಕೈಗೆ ಅಂಟುವ ಮರಳು ಸಿಗುವುದುಂಟು. ಮರುಭೂಮಿಯಲ್ಲಿ ನೀರೇ ಇಲ್ಲ ಎನ್ನುವುದು ಅಷ್ಟು ಸರಿಯಲ್ಲ. ನೀರು ಇದೆ, ಆಳದಲ್ಲಿದೆ, ಸ್ವಲ್ಪವಿದೆ.

ಆ ಆಳವನ್ನು ಮುಟ್ಟುವ ವಿಷಯದಲ್ಲಿ ಮರುಭೂಮಿಯ ಮರಗಳ ದಾಖಲೆಗಳು ಬೆರಗು ಹುಟ್ಟಿಸುತ್ತವೆ. ಖೇಜ್ರಿಯ ತಾಯಿಬೇರು 30 ಮೀಟರ್‌ಗೂ ಕೆಳಗೆ ಇಳಿಯಬಲ್ಲದು. ಹತ್ತು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಲದಲ್ಲಿ ಹುಗಿದರೆ ಎಷ್ಟು ಆಳವೋ ಅಷ್ಟು. ಅಮೆರಿಕದ ಅರಿಜೋನಾದಲ್ಲಿ ಗಣಿ ತೋಡುವಾಗ ಇದೇ ಬಳಗದ ಮರವೊಂದರ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಆಫ್ರಿಕದ ಕಲಹಾರಿಯಲ್ಲಿ ಬಾವಿ ಕೊರೆಯುವಾಗ 68 ಮೀಟರ್ ಆಳದಿಂದ ಒಂದು ಮರದ ಬೇರು ಮೇಲೆ ಬಂತು. ನೈಜರ್ ದೇಶದ ತೆನೆರೆ ಮರಳುಗಾಡಿನಲ್ಲಿ ಒಂಟಿ ಜಾಲಿ ಮರವೊಂದಿತ್ತು. ಸುತ್ತ 200 ಕಿಲೋಮೀಟರ್‌ವರೆಗೆ ಇನ್ನೊಂದು ಮರವಿರಲಿಲ್ಲ. 1938-39ರ ಚಳಿಗಾಲದಲ್ಲಿ ಅದರ ಪಕ್ಕದಲ್ಲಿ ಬಾವಿ ತೋಡಿದಾಗ ಅದರ ಬೇರುಗಳು ಮೂವತ್ತು ಮೀಟರ್‌ಗೂ ಕೆಳಗಿದ್ದ ಅಂತರ್ಜಲವನ್ನು ಮುಟ್ಟಿರುವುದು ಕಂಡುಬಂತು. ಆ ಮರ ಬರಗಾಲಕ್ಕೆ ಸಾಯಲಿಲ್ಲ. 1973ರಲ್ಲಿ ಒಂದು ಲಾರಿ ಬಂದು ಗುದ್ದಿ ಉರುಳಿಸಿತು. ನೂರಾರು ಮೈಲಿ ಬಯಲಿನಲ್ಲಿ ಇದ್ದ ಒಂದೇ ಒಂದು ಮರಕ್ಕೇ ಗುದ್ದಬೇಕೆಂದರೆ ಚಾಲಕ ಎಂಥ ಮಹಾಶಯನಿರಬೇಕು! ಬಹರೈನ್‌ನ ಮರಳಿನಲ್ಲಿ ಸುಮಾರು 400 ವರ್ಷಗಳಿಂದ ನಿಂತಿರುವ, ಪ್ರವಾಸಿಗರು ಹುಡುಕಿಕೊಂಡು ಹೋಗುವ "ಜೀವವೃಕ್ಷ" ಮಾತ್ರ ಈಗಲೂ ಹಸಿರಾಗಿದೆ. ಅದೂ ನಮ್ಮ ಬನ್ನಿಯೇ.

ಆಳದ ನೀರನ್ನು ಮೇಲೆತ್ತಲು ಮರಕ್ಕೆ ಪಂಪ್‌ಸೆಟ್ ಇಲ್ಲ. ಎಲೆಯಿಂದ ನೀರು ಆವಿಯಾಗುತ್ತಿದ್ದಂತೆ ಅದರ ಹಿಂದಿನ ನೀರು ಎಳೆಯಲ್ಪಟ್ಟು, ಕಾಂಡದೊಳಗಿನ ಸೂಕ್ಷ್ಮ ನಾಳಗಳಲ್ಲಿ ಬೇರಿನವರೆಗೂ ಆ ಎಳೆತ ಮುಟ್ಟುತ್ತದೆ. ಎಳನೀರಿಗೆ ಕೊಳವೆ ಹಾಕಿ ಹೀರುವುದನ್ನು ನೆನಪಿಸಿಕೊಳ್ಳಿ. ನೀರು ತಳಕ್ಕೆ ಬಂದಾಗ ಗೊರಗೊರ ಸದ್ದಾಗಿ ಗಾಳಿ ನುಗ್ಗುತ್ತದೆ, ಆಮೇಲೆ ಎಷ್ಟು ಹೀರಿದರೂ ಏನೂ ಬರುವುದಿಲ್ಲ. ಮರಕ್ಕೂ ಇದೇ ಅಪಾಯ. ನೆಲ ತೀರಾ ಒಣಗಿದರೆ ನಾಳದೊಳಗೆ ಗಾಳಿಗುಳ್ಳೆ ಹೊಕ್ಕು ಆ ನಾಳ ನಿಷ್ಪ್ರಯೋಜಕವಾಗುತ್ತದೆ. ಹಲವು ನಾಳಗಳು ಹೀಗೆ ಕೆಟ್ಟರೆ ಕೊಂಬೆ ಒಣಗುತ್ತದೆ, ಕೊನೆಗೆ ಮರವೇ ಹೋಗುತ್ತದೆ. ಆದ್ದರಿಂದ ಮರುಭೂಮಿಯ ಮರಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ವರ್ಷವಿಡೀ ತೇವ ಇರುವ ಪದರದಲ್ಲಿ ಬೇರಿನ ತುದಿ ನೆಲೆಸಿರುವುದು.

ಈಗ ಹತ್ತು ಸಸಿಗಳ ಲೆಕ್ಕಕ್ಕೆ ಬರೋಣ.

ಖೇಜ್ರಿಯ ಬೀಜ ಮಳೆಗೆ ಮೊಳೆತಾಗ ಅದರ ಮುಂದೆ ಒಂದು ಓಟದ ಪಂದ್ಯವಿರುತ್ತದೆ. ಮಳೆ ನಿಂತ ಮೇಲೆ ಮರಳು ಮೇಲಿನಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ಆ ಒಣಗುವ ಗೆರೆಗಿಂತ ಮುಂದೆ ಬೇರು ಓಡಬೇಕು. ಅದಕ್ಕಾಗಿ ಮೊಳಕೆ ತನ್ನ ಶಕ್ತಿಯನ್ನೆಲ್ಲ ಕೆಳಗೆ ಸುರಿಯುತ್ತದೆ. ಮೇಲೆ ನೋಡಿದರೆ ಗೇಣುದ್ದದ ಬಡಕಲು ಕಡ್ಡಿ. ಕೆಳಗೆ ಅದರ ಹಲವು ಪಟ್ಟು ಉದ್ದದ ಬೇರು. ವರ್ಷಗಟ್ಟಲೆ ಗಿಡ ಬೆಳೆಯುತ್ತಲೇ ಇಲ್ಲ ಎಂದು ನೋಡಿದವರಿಗೆ ಅನಿಸುತ್ತದೆ. ಆ ವರ್ಷಗಳಲ್ಲಿ ಅದು ಬೆಳೆಯುತ್ತಿರುವುದು ನಮಗೆ ಕಾಣದ ಕಡೆಗೆ.

ನರ್ಸರಿಯಲ್ಲಿ ಏನಾಗುತ್ತದೆ? ಬೀಜವನ್ನು ಒಂದು ಗೇಣು ಆಳದ ಕಪ್ಪು ಪಾಲಿಥೀನ್ ಚೀಲದಲ್ಲಿ ಹಾಕುತ್ತಾರೆ. ದಿನವೂ ನೀರು ಬೀಳುತ್ತದೆ. ತಾಯಿಬೇರು ಕೆಲವೇ ವಾರಗಳಲ್ಲಿ ಚೀಲದ ತಳ ಮುಟ್ಟುತ್ತದೆ, ಮುಂದೆ ದಾರಿಯಿಲ್ಲದೆ ಅಲ್ಲೇ ಸುತ್ತತೊಡಗುತ್ತದೆ. ಮೇಲೆ ಗಿಡ ಸೊಂಪಾಗಿ ಕಾಣುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ. ಅದನ್ನು ಮರಳಿನಲ್ಲಿ ನೆಟ್ಟಾಗ ಎಲೆ ಹೆಚ್ಚು, ಬೇರು ಕಡಿಮೆ ಇರುವ ಒಂದು ಜೀವಿಯನ್ನು ಮರುಭೂಮಿಗೆ ಬಿಟ್ಟಂತಾಗುತ್ತದೆ. ಎರಡು ಮೂರು ಬೇಸಗೆ ಯಾರಾದರೂ ನೀರು ಹೊತ್ತು ಹಾಕಿ, ಬೇಲಿ ಕಟ್ಟಿ ಆಡು ಒಂಟೆಗಳಿಂದ ಕಾದರೆ ಬದುಕೀತು. ಜೋಧಪುರದಲ್ಲಿ 1959ರಿಂದಲೂ ಇರುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಂಥ ಕಡೆ ಒಣನೆಲದಲ್ಲಿ ಗಿಡ ಬೆಳೆಸುವ ವಿದ್ಯೆಯನ್ನು ಸಾಕಷ್ಟು ಕಲಿತಿದ್ದಾರೆ, ಆದ್ದರಿಂದ ಇದು ಆಗದ ಕೆಲಸವಲ್ಲ. ಆದರೆ ನೆಟ್ಟ ದಿನ ಎಣಿಸುವ ಕೈಗಳಿಗೂ ಐದನೇ ವರ್ಷ ಹೋಗಿ ಎಣಿಸುವ ಕೈಗಳಿಗೂ ನಮ್ಮಲ್ಲಿ ಬಹಳ ವ್ಯತ್ಯಾಸವಿದೆ. ಮೊದಲನೆಯವು ನೂರಾರು, ಎರಡನೆಯವು ವಿರಳ. ಹತ್ತಕ್ಕೆ ಹತ್ತೂ ಬದುಕಿದರೂ, ಕಡಿದ ಮರದ ಬೇರು ಮುಟ್ಟಿದ್ದ ಆಳವನ್ನು ಅವು ಮುಟ್ಟಲು ದಶಕಗಳು ಬೇಕು.

ಹಾಗಾದರೆ ಬೇಗ ಬೆಳೆಯುವ ಬೇರೆ ಮರ ನೆಡಬಹುದಲ್ಲ ಎಂದು ನೀವು ಕೇಳಬಹುದು. ಆ ಪ್ರಯೋಗ ಆಗಲೇ ಮುಗಿದಿದೆ. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಕಡೆಯಿಂದ ತಂದ ಒಂದು ಮುಳ್ಳುಮರದ ಬೀಜಗಳನ್ನು ಜೋಧಪುರದ ಮಹಾರಾಜ 1930ರ ದಶಕದಲ್ಲಿ ವಿಮಾನದಿಂದ ಎರಚಿಸಿದ. ಬರಡು ನೆಲವೆಲ್ಲ ಹಸಿರಾಗಲಿ ಎಂಬ ಸದಾಶಯ. ಹಸಿರೇನೋ ಆಯಿತು. ಆ ಮರ ಎಲ್ಲೆಲ್ಲೂ ಹಬ್ಬಿ, ತನ್ನ ಅಡಿಯಲ್ಲಿ ಬೇರೆ ಗಿಡ ಏಳಗೊಡದೆ, ಗೋಮಾಳಗಳನ್ನು ನುಂಗಿತು. ನಮ್ಮಲ್ಲಿ ಬಳ್ಳಾರಿ, ರಾಯಚೂರು ಕಡೆಯವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಅದೇ ಬಳ್ಳಾರಿ ಜಾಲಿ. ಬನ್ನಿಗೆ ದೂರದ ಸಂಬಂಧಿಯೇ ಆದರೂ ಗುಣದಲ್ಲಿ ತದ್ವಿರುದ್ಧ. ಮರುಭೂಮಿಯಲ್ಲಿ ಬದುಕುವ ಮರ ಮತ್ತು ಮರುಭೂಮಿಯ ಬದುಕಿಗೆ ಒದಗುವ ಮರ ಒಂದೇ ಆಗಿರಬೇಕಿಲ್ಲ.

ಖೇಜ್ರಿ ಎರಡನೆಯ ಜಾತಿಯದು. ಜೋಧಪುರ ಸುತ್ತಲಿನ ಮಾರವಾಡದ ರೈತರು ಹೊಲದ ನಡುವೆಯೇ ಅದನ್ನು ಉಳಿಸಿಕೊಂಡು ಸುತ್ತ ಸಜ್ಜೆ, ಹೆಸರು, ಮಡಕೆ ಕಾಳು ಬಿತ್ತುತ್ತಾರೆ. ಅದರ ಬೇರು ಆಳದಿಂದ ನೀರು ಕುಡಿಯುವುದರಿಂದ ಮೇಲಿನ ಪದರದ ಬೆಳೆಯೊಂದಿಗೆ ಜಗಳವಿಲ್ಲ. ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಚಳಿಗಾಲದಲ್ಲಿ ಕೊಂಬೆ ಸವರಿ ಒಣಗಿಸಿದ ಎಲೆಗೆ ಅಲ್ಲಿ ಲೂಂಗ್ ಎನ್ನುತ್ತಾರೆ. ಆಡು, ಒಂಟೆಗಳಿಗೆ ಬೇಸಗೆಯ ಮೇವು ಅದೇ. ಎಳೆಯ ಕಾಯಿಯ ಹೆಸರು ಸಾಂಗ್ರಿ. ಬೇಯಿಸಿ ಒಣಗಿಸಿಟ್ಟರೆ ವರ್ಷವಿಡೀ ಪಲ್ಯಕ್ಕಾಗುತ್ತದೆ. ಕೈರ್ ಕಾಯಿಯ ಜೊತೆ ಸೇರಿಸಿ ಮಾಡಿದ ಕೈರ್-ಸಾಂಗ್ರಿ ಈಗ ಪಂಚತಾರಾ ಹೋಟೆಲುಗಳ ಊಟದ ಪಟ್ಟಿಗೂ ಏರಿದೆ. 1899-1900ರ ಭೀಕರ ಕ್ಷಾಮದಲ್ಲಿ ಜನ ಇದೇ ಮರದ ತೊಗಟೆಯನ್ನು ಪುಡಿಮಾಡಿ ತಿಂದು ಜೀವ ಹಿಡಿದರು.

ಈ ಮರಕ್ಕಾಗಿ ಜನ ಪ್ರಾಣ ಕೊಟ್ಟದ್ದೂ ಉಂಟು. 1730ರಲ್ಲಿ ಜೋಧಪುರದ ಅರಮನೆ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ, ಅರಸ ಅಭಯಸಿಂಹನ ಆಳುಗಳು ಖೇಜರ್ಲಿ ಎಂಬ ಹಳ್ಳಿಗೆ ಬಂದರು. ಅಲ್ಲಿಯವರು ಬಿಷ್ಣೋಯಿ ಪಂಥದವರು. ಹಸಿರು ಮರ ಕಡಿಯಬಾರದೆಂಬುದು ಅವರ ಗುರು ಜಾಂಭೋಜಿ ವಿಧಿಸಿದ 29 ನಿಯಮಗಳಲ್ಲಿ ಒಂದು. ಅಮೃತಾದೇವಿ ಎಂಬಾಕೆ ಮರವನ್ನು ತಬ್ಬಿ ನಿಂತಳು. ಆಕೆಯನ್ನು ಕಡಿದರು. ಆಕೆಯ ಮೂವರು ಹೆಣ್ಣುಮಕ್ಕಳು ನಿಂತರು, ಅವರನ್ನೂ ಕಡಿದರು. ಸುದ್ದಿ ಹಬ್ಬಿ ಸುತ್ತಲಿನ ಹಳ್ಳಿಗಳವರು ಬಂದು ಒಬ್ಬೊಬ್ಬರಾಗಿ ಮರ ತಬ್ಬಿದರು. ಒಟ್ಟು 363 ಜನ ಸತ್ತ ಮೇಲೆ ಅರಸ ಕಡಿತ ನಿಲ್ಲಿಸಿದ. ಸೆಪ್ಟೆಂಬರ್ 11ನ್ನು ಈಗ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನವೆಂದು ಆಚರಿಸುವುದು ಇವರ ನೆನಪಿಗಾಗಿಯೇ. ಖೇಜ್ರಿ 1983ರಿಂದ ರಾಜಸ್ಥಾನದ ರಾಜ್ಯವೃಕ್ಷ.

ರಾಜ್ಯವೃಕ್ಷವನ್ನು ಕಡಿದರೆ ದಂಡ ಎಷ್ಟಿರಬಹುದು? 1955ರ ರಾಜಸ್ಥಾನ ಗೇಣಿ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇಟ್ಟಿದ್ದದ್ದು ನೂರು ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಇಂದು ಒಂದು ಕಿಲೋ ಒಣ ಸಾಂಗ್ರಿಗೂ ಸಾಲದು. ಹಾಗಾಗಿಯೇ ಧರಣಿ ಕೂತವರು ಮರಗಳಿಗಾಗಿ ಪ್ರತ್ಯೇಕವಾದ, ಬಿಗಿಯಾದ ಕಾನೂನು ಬೇಕೆಂದು ಕೇಳುತ್ತಿರುವುದು.

ಇಷ್ಟಕ್ಕೂ ಸೌರ ಸ್ಥಾವರಕ್ಕೆ ಮರ ಕಡಿಯಲೇಬೇಕೆ? ಬಿಸಿಲು ಬೇಕಾದವರಿಗೆ ನೆರಳು ಶತ್ರು, ಅಷ್ಟು ಸರಳ. ಸೌರ ಫಲಕಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿ ಸರಣಿ ಮಾಡಿರುತ್ತಾರೆ. ಒಂದರ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ತು ಕುಗ್ಗಬಹುದು. ಸಾಲುಗಳು ನೇರವಾಗಿದ್ದರೆ ಕಂಬ ಹುಗಿಯುವ, ತೊಳೆಯುವ ಖರ್ಚೂ ಕಡಿಮೆ. ಆದ್ದರಿಂದ ಬೋಳು ನೆಲವೇ ಅವರಿಗೆ ಅನುಕೂಲ. ಇನ್ನೊಂದು ಕಡೆ ಹೊಲದ ಒಡೆಯನೂ ಇದ್ದಾನೆ. ಮಳೆ ನಂಬಿ ಸಜ್ಜೆ ಬಿತ್ತಿ ಕೈಸುಟ್ಟುಕೊಂಡವನಿಗೆ ವರ್ಷ ವರ್ಷ ಗೇಣಿ ಬರುತ್ತದೆ ಎಂದರೆ ಬೇಡವೆನ್ನುವುದು ಕಷ್ಟ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯ ಸೌರ ಪಾರ್ಕ್‌ಗೆ ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟದ್ದೂ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಆಸೆಗೇ. ಅವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸಿಲ್ಲ. ಸೌರ ವಿದ್ಯುತ್ತೂ ಬೇಕು. ಕಲ್ಲಿದ್ದಲು ಸುಟ್ಟು ಭೂಮಿಯನ್ನು ಇನ್ನಷ್ಟು ಕಾಯಿಸಿದರೆ ಥಾರ್‌ಗೆ ಒಳ್ಳೆಯದಾಗುವುದಿಲ್ಲ.

ಸೌರ ಕಂಪನಿಗಳು ಬರುವ ಮೊದಲೇ ಖೇಜ್ರಿಗೆ ಕಷ್ಟವಿತ್ತು ಎಂಬುದನ್ನೂ ಹೇಳಬೇಕು. ಕೊಳವೆಬಾವಿಗಳಿಂದ ಅಂತರ್ಜಲ ಇನ್ನೂ ಕೆಳಗಿಳಿದಿದೆ. ಮೇವಿಗಾಗಿ ಪ್ರತಿವರ್ಷ ಪೂರ್ತಿ ಸವರಿದ ಮರಗಳು ಸೊರಗುತ್ತವೆ. ಸೊರಗಿದ ಮರಕ್ಕೆ ಬೇರು ಕೊರೆಯುವ ಹುಳು, ಶಿಲೀಂಧ್ರ ಬೇಗ ತಗಲುತ್ತವೆ. ಎತ್ತು ಒಂಟೆಗಳ ನೇಗಿಲು ಎಳೆಯ ಗಿಡವನ್ನು ಸುತ್ತಿಕೊಂಡು ಹೋಗುತ್ತಿತ್ತು. ಟ್ರ್ಯಾಕ್ಟರ್ ಹಾಗೆ ಸುತ್ತಿಕೊಂಡು ಹೋಗುವುದಿಲ್ಲ, ತಾನಾಗಿ ಹುಟ್ಟಿದ ಸಸಿಗಳನ್ನು ಮಣ್ಣಿಗೆ ಮಗುಚಿಬಿಡುತ್ತದೆ. ಹೀಗೆ ಮಕ್ಕಳಿಲ್ಲದೆ ಮುದಿಯಾಗುತ್ತಿರುವ ಮರಗಳ ನಡುವೆ ಈಗ ಗರಗಸ ಬಂದಿದೆ. ಒಂದು ಹಳೆಯ ಖೇಜ್ರಿ ಹೋದರೆ ಅದರ ಜಾಗಕ್ಕೆ ಬರಲು ಸಿದ್ಧವಾಗಿರುವ ನಡುವಯಸ್ಸಿನ ಮರ ಅನೇಕ ಹೊಲಗಳಲ್ಲಿ ಇಲ್ಲ.

ದಾರಿಗಳು ಇಲ್ಲವೆಂದಲ್ಲ. ಗುಜರಾತಿನಲ್ಲಿ 2012ರಲ್ಲೇ ನರ್ಮದಾ ಕಾಲುವೆಯ ಮೇಲೆ ಫಲಕ ಹಾಸಿ ತೋರಿಸಿದ್ದಾರೆ. ಅದಕ್ಕೆ ಭೂಮಿಯೂ ಬೇಡ, ಕಾಲುವೆಯ ನೀರು ಆವಿಯಾಗುವುದೂ ತಗ್ಗುತ್ತದೆ. ಖರ್ಚು ಸ್ವಲ್ಪ ಹೆಚ್ಚು. ಊರುಗಳ ಚಾವಣಿಗಳಿವೆ. ಥಾರ್‌ನಲ್ಲೇ ಮರವಿಲ್ಲದ ಕಲ್ಲುನೆಲ ಸಾಕಷ್ಟಿದೆ. ಆದರೆ ಆಯ್ಕೆ ಮಾಡುವಾಗ ದಾಖಲೆಯಲ್ಲಿ "ಪಾಳು" ಎಂದು ಬರೆದದ್ದನ್ನು ಮಾತ್ರ ನಂಬಬಾರದು. ದೇವರ ಹೆಸರಿನಲ್ಲಿ ಊರವರು ತಲೆಮಾರುಗಳಿಂದ ಕಾಯ್ದುಕೊಂಡ ಒರಣ್ ಎಂಬ ಮೇವಿನ ಕಾಡುಗಳೂ ಅಲ್ಲಿ ಎಷ್ಟೋ ಕಡೆ ಕಡತದಲ್ಲಿ ಪಾಳುಭೂಮಿಯೇ. ಗುತ್ತಿಗೆಗೆ ಸಹಿ ಹಾಕುವ ಮೊದಲೇ ಹೊಲದ ಪ್ರತಿ ಖೇಜ್ರಿಯನ್ನು ಎಣಿಸಿ, ಕಾಂಡದ ಸುತ್ತಳತೆ ಬರೆದುಕೊಂಡು, ಅದರ ಸುತ್ತ ನೆರಳು ಬೀಳುವಷ್ಟು ಜಾಗ ಬಿಟ್ಟು ಸಾಲು ಎಳೆಯಬಹುದು. ಆಗ ಸಿಗುವ ವಿದ್ಯುತ್ತು ಒಂದಿಷ್ಟು ಕಡಿಮೆ, ಯೂನಿಟ್‌ನ ಬೆಲೆ ಕೆಲವು ಪೈಸೆ ಹೆಚ್ಚು. ಆ ಪೈಸೆಗಳನ್ನು ಕೊಡುವವರು ಯಾರು ಎಂಬುದನ್ನು ಸರ್ಕಾರ ಟೆಂಡರಿನಲ್ಲೇ ಬರೆದರೆ ಜಗಳದ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.